ಯಂತ್ರ 25 ಡಿಗ್ರಿ ಅಂದಿತು, ಕೆಳಗಿನ ಹುಳು ಚಳಿಗೆ ಮುದುಡಿತು

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. 30 ಅಡಿ ಉದ್ದ, 20 ಅಡಿ ಅಗಲದ ರೇಷ್ಮೆ ಹುಳು ಮನೆ ಇದೆ. ಗೋಡೆ ಕಲ್ಲಿನದು, ಮೇಲೆ ಸಿಮೆಂಟ್ ಶೀಟು. ಮರಿ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಬೈವೋಲ್ಟೈನ್ ತಳಿಯ ಹುಳು ತಂದು ಮೇಯಿಸುತ್ತೇವೆ, ಬೆಳೆಗೆ 150 ಮೊಟ್ಟೆ, ಅಂದರೆ 150 ಚಿಟ್ಟೆ ಇಟ್ಟಷ್ಟು. ಚಳಿಗಾಲಕ್ಕೆ ಇಷ್ಟು ವರ್ಷ ಇದ್ದಿಲಿನ ಒಲೆ ಇಡುತ್ತಿದ್ದೆವು. ನಮ್ಮ ಅತ್ತೆ ರಾತ್ರಿ ಅಲ್ಲೇ ಚಾಪೆ ಹಾಕಿಕೊಂಡು ಮಲಗಿ ಕೆಂಡ ನೋಡಿಕೊಳ್ಳುತ್ತಿದ್ದರು. ಈ ಸಲ ಬೆಂಗಳೂರಿನಲ್ಲಿರುವ ಮಗ ಬಿಸಿ ನೋಡಿ ಹೀಟರ್ ಹಚ್ಚಿ ಆರಿಸುವ ಥರ್ಮೋಸ್ಟಾಟ್ ಪೆಟ್ಟಿಗೆ, ಮೂರು ವೈರ್‌ಲೆಸ್ ಸೆನ್ಸರ್, 2,000 ವ್ಯಾಟಿನ ಫ್ಯಾನ್ ಹೀಟರ್, ಗಾಳಿಗೆ ತೇವ ಊದುವ ಒಂದು ಹ್ಯುಮಿಡಿಫೈಯರ್ ತಂದು ಹಾಕಿದ. ಪೆಟ್ಟಿಗೆ ವರಾಂಡದಲ್ಲಿ ಮೀಟರ್ ಬೋರ್ಡ್ ಪಕ್ಕ ಇದೆ. ಸೆನ್ಸರ್ ಒಂದು ಬಾಗಿಲ ಹತ್ತಿರ, ಒಂದು ಗೋಡೆಗೆ, ಇನ್ನೊಂದು ಹುಳು ಮನೆಯ ನಡುವೆ ಶೀಟಿನಿಂದ ಇಳಿಬಿಟ್ಟಿದೆ. ಪೆಟ್ಟಿಗೆ 25 ಡಿಗ್ರಿ ತೋರಿಸುತ್ತಿತ್ತು. ಆದರೆ ಬಾಗಿಲ ಕಡೆ ಸ್ಟ್ಯಾಂಡಿನ ಕೆಳಗಿನ ಹುಳುಗಳು ಸೊಪ್ಪು ತಿನ್ನದೆ ಮಂಕಾಗಿದ್ದವು. ನಾಲ್ಕನೇ ಜ್ವರಕ್ಕೆ ಎಲ್ಲಾ ಒಟ್ಟಿಗೆ ಕೂರಲಿಲ್ಲ. ಮಗನಿಗೆ ಫೋನ್ ಮಾಡಿದೆ. ಅವನು ಅಲ್ಲಿಂದಲೇ, ಬಾಗಿಲ ಸೆನ್ಸರ್ ಒಂದನ್ನೇ ನೋಡಿ ಹೀಟರ್ ಓಡುವ ಹಾಗೆ ಬದಲಾಯಿಸಿದ. ನಾಲ್ಕನೇ ಜ್ವರ ಎದ್ದ ಮೇಲೆ ಬರುವ ಐದನೇ ಹಂತದ ನಾಲ್ಕನೇ ದಿನ ಬೆಳಗ್ಗೆ 10 ಗಂಟೆಗೆ ಸೊಪ್ಪು ತಂದು ಬಾಗಿಲು ತೆಗೆದರೆ ಒಳಗೆ ಧಗೆ. ಹಳೇ ಥರ್ಮಾಮೀಟರಿನಲ್ಲಿ 33. ಹೀಟರ್ ಓಡುತ್ತಲೇ ಇತ್ತು, ಪೆಟ್ಟಿಗೆ ಮಾತ್ರ 22 ಅನ್ನುತ್ತಿತ್ತು. ಎರಡು ದಿನಕ್ಕೆ ಹಾಲುತೊಂಡೆ ರೋಗ ಕಾಣಿಸಿತು. ಯಾವಾಗಲೂ 100 ಕೆ.ಜಿ. ದಾಟುತ್ತಿದ್ದ ಗೂಡು 68ಕ್ಕೆ ನಿಂತಿತು. ವೈರ್‌ಲೆಸ್ ಅಲೆಯಿಂದಲೇ ಹುಳು ಸತ್ತವು ಅಂತ ಊರಲ್ಲಿ ಹೇಳುತ್ತಿದ್ದಾರೆ. ಅತ್ತೆ ಮತ್ತೆ ಇದ್ದಿಲೇ ಇಡೋಣ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಮ್ಮ, ಯಂತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಅತ್ತೆಯವರ ಚಾಪೆಯ ವಿಷಯ.

ಇದ್ದಿಲು ಉರಿಯುವ ಮುಚ್ಚಿದ ಕೋಣೆಯಲ್ಲಿ ಯಾರೂ ಮಲಗಬಾರದು. ಒಂದು ರಾತ್ರಿ ಕೂಡ ಬೇಡ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನಿಲ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊಗೆಯ ಹಾಗೆ ಕಣ್ಣು ಉರಿಸುವುದಿಲ್ಲ, ಕೆಮ್ಮು ತರಿಸುವುದಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಹೊಗೆ ಹೋಗಿ ಬರೀ ಕೆಂಡ ಉಳಿದ ಮೇಲೆ ಅಪಾಯವಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ತಪ್ಪು. ಕೆಂಪಗೆ ಕಾಣುವ ಕೆಂಡವೇ ಈ ಅನಿಲ ಬಿಡುತ್ತದೆ. ಬೆಳಗ್ಗೆ ಎದ್ದಾಗ ತಲೆನೋವು, ವಾಕರಿಕೆ, ತಲೆ ಸುತ್ತು ಇತ್ತಾ ಅಂತ ಅತ್ತೆಯವರನ್ನು ಒಂದು ಮಾತು ಕೇಳಿ. ಇತ್ತು ಅಂದರೆ ಅದು ಚಳಿಯಿಂದ ಬಂದದ್ದಲ್ಲ. ಇಷ್ಟು ವರ್ಷ ಏನೂ ಆಗಲಿಲ್ಲ ಅಂದರೆ ಬಹುಶಃ ಶೀಟಿನ ಸಂದಿಯಿಂದ ಗಾಳಿ ಆಡುತ್ತಿತ್ತು, ಅದೇ ಕಾಪಾಡಿದೆ. ಮುಂದೆ ನಾನು ಸಂದಿ ಮುಚ್ಚಿ ಅಂತ ಹೇಳುವವನಿದ್ದೇನೆ. ಅದಕ್ಕೇ ಈ ಮಾತು ಮೊದಲು ಹೇಳಿದೆ.

ಇನ್ನು ನಿಮ್ಮ ಪ್ರಶ್ನೆ. ಯಂತ್ರ ಕೆಟ್ಟಿದೆಯಾ? ನೀವು ಬರೆದದ್ದನ್ನು ನೋಡಿದರೆ ಕೆಟ್ಟ ಹಾಗೆ ಕಾಣುವುದಿಲ್ಲ. ಅದಕ್ಕೆ ಏನು ಹೇಳಿಕೊಟ್ಟರೋ ಅದನ್ನೇ ಮಾಡಿದೆ. ನಿಮ್ಮ ಬೆಳೆಗೆ ಎರಡು ಬೇರೆ ಬೇರೆ ಪೆಟ್ಟು ಬಿದ್ದಿವೆ. ಜ್ವರದ ಹೊತ್ತಿಗೆ ಚಳಿ, ಐದನೇ ಹಂತದಲ್ಲಿ ಬಿಸಿ. ಎರಡಕ್ಕೂ ಕಾರಣ ಸೆನ್ಸರ್ ಇಟ್ಟ ಜಾಗ, ಮತ್ತು ಸೆನ್ಸರ್ ಮಾತು ನಿಂತಾಗ ಪೆಟ್ಟಿಗೆ ನಡೆದುಕೊಂಡ ರೀತಿ.

ಮೊದಲ ಪೆಟ್ಟು ನೋಡೋಣ. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತದೆ. ಹೀಟರ್ ಓಡುವಾಗ ಶೀಟಿನ ಕೆಳಗೆ ತೂಗುವ ಸೆನ್ಸರ್ 29 ತೋರಿಸಿತು ಅನ್ನಿ. ಗೋಡೆಯದು 24, ಬಾಗಿಲದು 22. ಮೂರನ್ನೂ ಕೂಡಿ ಭಾಗಿಸಿದರೆ ಸರಿಯಾಗಿ 25. ಪೆಟ್ಟಿಗೆಗೆ ಅಷ್ಟು ಸಾಕು, ಹೀಟರ್ ನಿಲ್ಲಿಸುತ್ತದೆ. ಆದರೆ ಹುಳು ಶೀಟಿನ ಕೆಳಗೂ ಇಲ್ಲ, ಗೋಡೆಯ ಮೇಲೂ ಇಲ್ಲ. ಬಾಗಿಲ ಕಡೆ ಕೆಳಗಿನ ಅಂತಸ್ತಿನಲ್ಲಿ, ನೆಲದಿಂದ ಒಂದಡಿ ಮೇಲೆ, ತಣ್ಣನೆ ಗಾಳಿ ನುಗ್ಗುವ ಜಾಗದಲ್ಲಿವೆ. ಅಲ್ಲಿ 20 ಇದ್ದರೂ ಆಶ್ಚರ್ಯವಿಲ್ಲ. ಮೇಲಿನ ಹುಳು ಜ್ವರಕ್ಕೆ ಕೂತು ಏಳುವಾಗ ಕೆಳಗಿನವು ಇನ್ನೂ ಸೊಪ್ಪು ಮುಗಿಸಿರುವುದಿಲ್ಲ. ಆಮೇಲೆ ಸೊಪ್ಪು ಕೊಟ್ಟರೆ ಎದ್ದವು ತಿನ್ನುತ್ತವೆ, ಕೂತವು ಸೊಪ್ಪಿನ ಅಡಿಗೆ ಸೇರುತ್ತವೆ. ಬೆಳೆ ಏರುಪೇರಾಗಲು ಶುರುವಾಗುವುದೇ ಇಲ್ಲಿಂದ.

ಈ ತಪ್ಪು ನಾನೂ ಮಾಡಿದ್ದೇನೆ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಚಿಂತಾಮಣಿ ಕಡೆಯ ಒಂದು ಮನೆಗೆ ಸೆನ್ಸರ್ ಕಟ್ಟಿದೆ. ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಕಿಟಕಿ ಪಕ್ಕದ ಕಬ್ಬಿಣದ ಕಂಬಕ್ಕೆ ಕಟ್ಟಿದ್ದೆ. ಬೆಳಗಿನ ಎಳೆ ಬಿಸಿಲು ನೇರ ಆ ಕಂಬಕ್ಕೆ ಬೀಳುತ್ತಿತ್ತು. 8 ಗಂಟೆಗೆ ಸೆನ್ಸರ್ 30 ಅನ್ನುತ್ತಿತ್ತು, ಹೀಟರ್ ನಿಂತಿತ್ತು. ಹುಳು ಮೇಯುವ ಸೊಪ್ಪಿನ ಹಾಸಿಗೆಯ ಹತ್ತಿರ ಥರ್ಮಾಮೀಟರ್ ಇಟ್ಟರೆ 20. ಆ ಮನೆಯ ಅಜ್ಜಿ ಸೊಪ್ಪಿನ ಮೇಲೆ ಕೈಯ ಹಿಂಭಾಗ ಇಟ್ಟು, 'ಹುಳು ತಣ್ಣಗಿದೆಯಪ್ಪಾ, ನಿನ್ನ ಪೆಟ್ಟಿಗೆ ಏನೇ ಹೇಳಲಿ' ಅಂದರು. ಅವರು ಹೇಳಿದ್ದೇ ಸರಿ. ಅಂದಿನಿಂದ ಸೆನ್ಸರ್ ಕಟ್ಟುವ ಮೊದಲು ಒಂದು ರಾತ್ರಿ ಮನೆಯನ್ನು ಅಳೆಯುವ ರೂಢಿ ಮಾಡಿಕೊಂಡೆ.

ನೀವೂ ಅದನ್ನೇ ಮಾಡಿ. ಹುಳು ಇಲ್ಲದ ದಿನ ಹೀಟರ್ ಓಡಿಸಿ. ರಾತ್ರಿಯಲ್ಲಿ ಅತಿ ಜಾಸ್ತಿ ಚಳಿ ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ. ಹಾಗಾಗಿ ಬೆಳಗಿನ ಜಾವ 5 ಗಂಟೆಗೆ ಎದ್ದು, ನಿಮ್ಮ ಹಳೇ ಥರ್ಮಾಮೀಟರ್ ಹಿಡಿದು ಎರಡೂ ಸ್ಟ್ಯಾಂಡಿನ ಮೇಲೆ, ಕೆಳಗೆ, ಬಾಗಿಲ ಕಡೆ, ಹಿಂದಿನ ಗೋಡೆ ಕಡೆ ಐದೈದು ನಿಮಿಷ ಇಟ್ಟು ಬರೆದುಕೊಳ್ಳಿ. ಎಂಟು ಅಂಕಿ ಸಿಗುತ್ತವೆ. ಅವುಗಳ ನಡುವೆ 2 ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಅದನ್ನು ಯಾವ ಥರ್ಮೋಸ್ಟಾಟೂ ಸರಿ ಮಾಡಲಾರದು. ಗಾಳಿ ಕಲೆಸಬೇಕು, ಸಂದಿ ಮುಚ್ಚಬೇಕು. ಒಂದು ಚಿಕ್ಕ ಫ್ಯಾನನ್ನು ಮೇಲೆ, ಹುಳುವಿಗೆ ನೇರ ಗಾಳಿ ಬಡಿಯದ ಹಾಗೆ ಗೋಡೆಗೆ ತಿರುಗಿಸಿ ನಿಧಾನಕ್ಕೆ ಓಡಿಸಿದರೆ ಮೇಲಿನ ಬಿಸಿ ಕೆಳಗಿಳಿಯುತ್ತದೆ. ಬಾಗಿಲಿಗೆ ಒಳಗಿನಿಂದ ಗೋಣಿತಾಟಿನ ಪರದೆ ಹಾಕಿ. ಈ ಎರಡರಿಂದಲೇ ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಹೋಗಿದೆ.

ಆಮೇಲೆ ಸೆನ್ಸರ್. ಹುಳು ಎಲ್ಲಿದೆಯೋ ಆ ಎತ್ತರಕ್ಕೆ ಬರಬೇಕು. ಹಾಸಿಗೆಯಿಂದ ಒಂದು ಗೇಣು ಮೇಲೆ, ಸ್ಟ್ಯಾಂಡಿನ ಅಡ್ಡಪಟ್ಟಿಯಿಂದ ದಾರದಲ್ಲಿ ತೂಗಿಬಿಡಿ. ಕಬ್ಬಿಣಕ್ಕೆ ತಾಗಬಾರದು, ಸೊಪ್ಪಿಗೂ ತಾಗಬಾರದು. ಹಾಸಿಗೆಯೊಳಗೆ ಸೇರಿಸಿದರೆ ಸೊಪ್ಪಿನ ತೇವವನ್ನೇ ಓದುತ್ತದೆ. ಹೀಟರಿನ ಗಾಳಿ, ಕಿಟಕಿಯ ಬಿಸಿಲು, ಹ್ಯುಮಿಡಿಫೈಯರಿನ ಹಬೆ ನೇರ ಬೀಳಬಾರದು. ನಿಮ್ಮ ಮೂರರಲ್ಲಿ ಒಂದು ಬಾಗಿಲ ಕಡೆ ಕೆಳ ಅಂತಸ್ತಿಗೆ, ಒಂದು ಎದುರು ಸ್ಟ್ಯಾಂಡಿನ ನಡು ಅಂತಸ್ತಿಗೆ ಹೋಗಲಿ. ಮೂರನೆಯದು ಮೇಲಿನ ಅಂತಸ್ತಿನಲ್ಲಿ ಇರಲಿ, ಆದರೆ ಅದು ಸರಾಸರಿಯ ಲೆಕ್ಕಕ್ಕೆ ಬೇಡ. ಬಿಸಿ ಮಿತಿ ಮೀರಿದಾಗ ಎಚ್ಚರಿಸುವ ಕಾವಲುಗಾರ ಅದು. ಹೀಟರ್ ನಡೆಸುವುದು ಮೊದಲೆರಡರ ಸರಾಸರಿ.

ಇನ್ನು ಎರಡನೇ ಪೆಟ್ಟು ನೋಡೋಣ. ಬೆಳೆಯನ್ನು ಹೊಡೆದದ್ದು ಜಾಸ್ತಿ ಇದೇ.

ನಿಮ್ಮ ಪೆಟ್ಟಿಗೆ 22 ಅನ್ನುತ್ತಿತ್ತು, ಒಳಗೆ 33 ಇತ್ತು. ಬಾಗಿಲ ಸೆನ್ಸರಿನಿಂದ ಸುದ್ದಿ ಬರುವುದು ರಾತ್ರಿ ಯಾವಾಗಲೋ ನಿಂತುಹೋಗಿದೆ. ಬ್ಯಾಟರಿ ಮುಗಿದಿರಬಹುದು, ಇಲ್ಲ ಸಿಗ್ನಲ್ ತಲುಪದೆ ಇರಬಹುದು. ಪೆಟ್ಟಿಗೆ ಕೊನೆಯಲ್ಲಿ ಕೇಳಿದ್ದು 22, ಅದನ್ನೇ ಹಿಡಿದು ಕೂತಿತು. 24 ಆಗಬೇಕು, ಇನ್ನೂ 22 ಇದೆ ಅಂತ ಹೀಟರ್ ಓಡಿಸುತ್ತಲೇ ಇತ್ತು. ರಾತ್ರಿ ಹೊರಗಿನ ಚಳಿ ಆ ಬಿಸಿಯನ್ನು ನುಂಗಿತು. ಬೆಳಗ್ಗೆ ಬಿಸಿಲಿಗೆ ಸಿಮೆಂಟ್ ಶೀಟು ಕಾದಾಗ ಎರಡೂ ಸೇರಿ 33 ಆಯಿತು. ಐದನೇ ಹಂತದ ಹುಳುವಿಗೆ 24 ಸಾಕು. ಬೈವೋಲ್ಟೈನ್ ಅಂತೂ ಬಿಸಿ ತಾಳುವ ತಳಿಯೇ ಅಲ್ಲ.

ಸಿಗ್ನಲ್ ಏಕೆ ಹೋಗುತ್ತದೆ? ನಿಮ್ಮ ಪೆಟ್ಟಿಗೆ ವರಾಂಡದಲ್ಲಿದೆ. ನಡುವೆ ಕಲ್ಲಿನ ಗೋಡೆ, ಆಮೇಲೆ ಕಬ್ಬಿಣದ ಸ್ಟ್ಯಾಂಡು, ಆಮೇಲೆ ಸೊಪ್ಪು. ಬಹಳ ಜನ ಗಮನಿಸದ ವಿಷಯ ಸೊಪ್ಪಿನದು. ಹಸಿ ಸೊಪ್ಪಿನಲ್ಲಿ ನೀರೇ ಜಾಸ್ತಿ. ವೈಫೈ, ಬ್ಲೂಟೂತ್, ಜಿಗ್ಬೀ ಸೆನ್ಸರ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಅಲೆ ಬಳಸುತ್ತವೆ. ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಖಾಲಿ ಮನೆಯಲ್ಲಿ ನಿಮ್ಮ ಮಗ ಪರೀಕ್ಷೆ ಮಾಡಿದಾಗ ಸಿಗ್ನಲ್ ಪೂರ್ತಿ ಬಂದಿರುತ್ತದೆ. ಐದನೇ ಹಂತದಲ್ಲಿ ಎಲ್ಲಾ ಅಂತಸ್ತಿಗೂ ರೆಂಬೆ ಸಮೇತ ಸೊಪ್ಪು ಹಾಸಿದ ಮೇಲೆ ಅದೇ ಸೆನ್ಸರ್ ಹಸಿರು ಗೋಡೆಯ ಹಿಂದೆ ಬಿದ್ದ ಹಾಗೆ. ಪರೀಕ್ಷೆ ಮಾಡುವುದಾದರೆ ಸೊಪ್ಪು ತುಂಬಿದ ಮೇಲೆ ಮಾಡಬೇಕು. ಪೆಟ್ಟಿಗೆಯನ್ನು ಹುಳು ಮನೆಯ ಒಳಗೆ, ಉದ್ದ ಗೋಡೆಯ ನಡುಭಾಗದಲ್ಲಿ, ತಲೆಗಿಂತ ಮೇಲೆ ತನ್ನಿ. ಧೂಳು, ತೇವ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿಡಿ. ಕಬ್ಬಿಣದ ಡಬ್ಬ ಬೇಡ, ಅದು ಸಿಗ್ನಲ್ ತಡೆಯುತ್ತದೆ. ಹೊಸದಾಗಿ ಕೊಳ್ಳುವವರು 433 ಅಥವಾ 865-867 ಮೆಗಾಹರ್ಟ್ಸ್ ಸೆನ್ಸರ್ ಸಿಕ್ಕರೆ ಅದನ್ನೇ ಕೇಳಲಿ. ಗೋಡೆ, ಸೊಪ್ಪು ದಾಟುವುದರಲ್ಲಿ ಅವು ಮೇಲು.

ಈಗ ಮೂರು ಪರೀಕ್ಷೆ ಹೇಳುತ್ತೇನೆ. ಮುಂದಿನ ಚಾಕಿ ಬರುವ ಮೊದಲು ಮಗ ಊರಿಗೆ ಬಂದಾಗ ಇಬ್ಬರೂ ನಿಂತು ಮಾಡಿ.

ಹೀಟರ್ ಓಡುತ್ತಿರುವಾಗ ಸೆನ್ಸರಿನ ಬ್ಯಾಟರಿ ತೆಗೆಯಿರಿ. ಗಡಿಯಾರ ನೋಡಿ. ಹದಿನೈದು, ಇಪ್ಪತ್ತು ನಿಮಿಷದೊಳಗೆ ಹೀಟರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಸೆಟ್ಟಿಂಗಿನಲ್ಲಿ ಹುಡುಕಿ. ಸೆನ್ಸರ್ ಸಿಗದಾಗ ಏನು ಮಾಡಬೇಕು ಅನ್ನುವ ಆಯ್ಕೆ ಕೆಲವು ಪೆಟ್ಟಿಗೆಗಳಲ್ಲಿ ಇರುತ್ತದೆ. ಅಲ್ಲಿ 'ಆಫ್' ಇಡಿ. ಹೀಟರ್ ನಿಂತರೆ ಹುಳುವಿಗೆ ಚಳಿಯಾಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ. ಆದರೆ ಒಂದು ರಾತ್ರಿಯ ಚಳಿಗೆ ಹುಳು ನಿಧಾನವಾಗುತ್ತದೆ, ಬೆಳೆ ಅರ್ಧ ದಿನವೋ ಒಂದು ದಿನವೋ ತಡವಾಗುತ್ತದೆ. ಧಗೆಗೆ ಸಿಕ್ಕಿದ ದೊಡ್ಡ ಹುಳು ಹಿಂದಕ್ಕೆ ಬರುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು ಅಂದರೆ ನಾನು ಚಳಿಯನ್ನೇ ಆರಿಸುತ್ತೇನೆ. ಆ ಆಯ್ಕೆಯೇ ಇಲ್ಲದ ಪೆಟ್ಟಿಗೆಯಾದರೆ ಅದನ್ನು ಹುಳು ಮನೆಗೆ ಬಳಸಬೇಡಿ.

ಆಮೇಲೆ ಮನೆಯ ವೈಫೈ ರೂಟರ್ ಆರಿಸಿ ನೋಡಿ. ಸೆನ್ಸರಿನಿಂದ ಪೆಟ್ಟಿಗೆಗೆ ಸುದ್ದಿ ಹೋಗುವುದು ಒಂದು ದಾರಿ. ಪೆಟ್ಟಿಗೆಯಿಂದ ಮಗನ ಫೋನಿಗೆ ಹೋಗುವುದು ಇನ್ನೊಂದು ದಾರಿ. ಎರಡನೆಯದು ನಿಂತರೂ ಮೊದಲನೆಯದು ನಡೆಯಬೇಕು. ಕೆಲವು ಅಗ್ಗದ ಸಾಮಾನುಗಳಲ್ಲಿ ಎಲ್ಲವೂ ಇಂಟರ್ನೆಟ್ ಮೂಲಕವೇ ಹೋಗಿಬರುತ್ತದೆ. ನೆಟ್ ಹೋದರೆ ಹೀಟರ್ ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಹಳ್ಳಿಯಲ್ಲಿ ಅದನ್ನು ನಂಬಲಾಗುವುದಿಲ್ಲ ಅಲ್ವಾ?

ಕೊನೆಗೆ ಮೇನ್ ಸ್ವಿಚ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ನಿಮ್ಮ 24 ಡಿಗ್ರಿ ಹಾಗೇ ನೆನಪಿದೆಯಾ? ಮರೆತು ಕಾರ್ಖಾನೆಯ ಅಂಕಿಗೆ ಹೋಗಿದ್ದರೆ, ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಯಾರಾದರೂ ಎದ್ದು ನೋಡಬೇಕಾಗುತ್ತದೆ.

ಇವೆಲ್ಲ ಸರಿ ಇದ್ದರೂ ಒಂದು ಹಳೇ ಕಾಲದ ಕಾವಲು ಇರಲೇಬೇಕು. ಗುಂಡಿ ತಿರುಗಿಸುವ ಸಾದಾ ಥರ್ಮೋಸ್ಟಾಟ್, ಬ್ಯಾಟರಿ ಇಲ್ಲ, ಸಿಗ್ನಲ್ ಇಲ್ಲ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೀಟರಿಗೆ ಹೋಗುವ ಲೈನನ್ನು ಅದೂ ಕಡಿಯುವ ಹಾಗೆ ಸೇರಿಸಿ 28ಕ್ಕೆ ಇಡಿ. ಇದನ್ನು ಮೇಲಿನ ಅಂತಸ್ತಿನ ಎತ್ತರಕ್ಕೆ ಕಟ್ಟಿ. ಆ ದಿನ ಇದೊಂದು ಇದ್ದಿದ್ದರೆ ನಿಮ್ಮ ಹೀಟರ್ 28ಕ್ಕೇ ನಿಲ್ಲುತ್ತಿತ್ತು. ಫೋನಿಗೆ ಬರುವ ಎಚ್ಚರಿಕೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನಿಗೆ ಹೋಗುತ್ತದೆ. ನಿಮಗೆ ಬೇಕಾದದ್ದು ಮನೆಯಲ್ಲೇ ಕಿರುಚುವ ಒಂದು ಬಝರ್.

ವೈರಿಂಗ್ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಹೇಳುತ್ತೇನೆ. 2,000 ವ್ಯಾಟ್ ಹೀಟರ್ 230 ವೋಲ್ಟಿಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಅದೂ ರಾತ್ರಿಯಿಡೀ. ಪೆಟ್ಟಿಗೆಯೊಳಗೆ ಹೀಟರ್ ಹಚ್ಚಿ ಆರಿಸುವ ಚಿಕ್ಕ ಸ್ವಿಚ್ಚು, ಅಂದರೆ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿದ್ದರೂ ಅಷ್ಟು ಭಾರ ಹೊರಿಸಬೇಡಿ. ಅದರ ಪಾಯಿಂಟು ಸುಟ್ಟು ಅಂಟಿಕೊಂಡರೆ ಪೆಟ್ಟಿಗೆ ಆಫ್ ಅಂದರೂ ಹೀಟರ್ ನಿಲ್ಲುವುದಿಲ್ಲ. ನಿಮ್ಮ ಬೋರ್‌ವೆಲ್ ಸ್ಟಾರ್ಟರಿನೊಳಗೆ ಟಕ್ ಅಂತ ಎಳೆದುಕೊಳ್ಳುತ್ತದಲ್ಲ, ಅದೇ ಕಾಂಟ್ಯಾಕ್ಟರ್. ಅಂಥದ್ದೇ ಚಿಕ್ಕದೊಂದನ್ನು ನಡುವೆ ಹಾಕಿಸಿ. ಪೆಟ್ಟಿಗೆ ಕಾಂಟ್ಯಾಕ್ಟರನ್ನು ನಡೆಸಲಿ, ಕಾಂಟ್ಯಾಕ್ಟರ್ ಹೀಟರನ್ನು ನಡೆಸಲಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಮನೆ ಅದು. ಸರಿಯಾದ ಅರ್ತಿಂಗ್ ಮತ್ತು ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಹೀಟರ್ ಹಚ್ಚಲೇಬೇಡಿ.

ಈಗ ಊರಿನ ಮಾತುಗಳು. ವೈರ್‌ಲೆಸ್ ಅಲೆಯಿಂದ ಹುಳು ಸತ್ತವಾ? ಇಲ್ಲ. ಬ್ಯಾಟರಿ ಸೆನ್ಸರ್ ಒಂದೆರಡು ನಿಮಿಷಕ್ಕೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಮಾತಾಡಿ ಸುಮ್ಮನಾಗುತ್ತದೆ. ಜಾಸ್ತಿ ಹೊತ್ತು ಮಾತಾಡಿದರೆ ಅದರ ಬ್ಯಾಟರಿ ತಿಂಗಳುಗಟ್ಟಲೆ ಬಾಳುವುದೇ ಇಲ್ಲ. ಅದು ಬಿಡುವ ಶಕ್ತಿ ನಿಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಸೊಪ್ಪು ಹಾಕುವ ಮೊಬೈಲಿಗಿಂತ ಬಹಳ ಕಡಿಮೆ.

ಹಾಲುತೊಂಡೆ ಬಿಸಿಯಿಂದ ಬಂತಾ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಾಲುತೊಂಡೆ ಒಂದು ವೈರಸ್ಸಿನ ರೋಗ. ಬಿಸಿ ಅದನ್ನು ಹುಟ್ಟಿಸುವುದಿಲ್ಲ. ದೊಡ್ಡ ಹುಳುವಿಗೆ ಸೋಂಕು ತಗುಲಿ ಮೈ ಹಳದಿಯಾಗಿ ಊದಿ ಹಾಲು ಸೋರುವುದಕ್ಕೆ ಐದಾರು ದಿನ ಹಿಡಿಯುತ್ತದೆ. ನಿಮಗೆ ಬಿಸಿಯಾದ ಎರಡೇ ದಿನಕ್ಕೆ ಕಾಣಿಸಿದೆ. ಅಂದರೆ ಸೋಂಕು ನಾಲ್ಕನೇ ಜ್ವರದ ಆಸುಪಾಸಿನಲ್ಲೇ ಮನೆಯಲ್ಲಿತ್ತು. ಚಳಿಯಿಂದ ಬಿಸಿಗೆ ಎಳೆದಾಡಿದ್ದು ಹುಳುವಿನ ತಾಳುವ ಶಕ್ತಿ ಕುಗ್ಗಿಸಿ ರೋಗಕ್ಕೆ ದಾರಿ ಬಿಟ್ಟಿತು. ಹಾಗಾಗಿ ಥರ್ಮೋಸ್ಟಾಟ್ ಸರಿ ಮಾಡಿದರೆ ಮಾತ್ರ ಸಾಲದು. ಹಿಂದಿನ ಬೆಳೆ ಎತ್ತಿದ ಮೇಲೆ ಮನೆ, ಸ್ಟ್ಯಾಂಡು, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲಾ ತೊಳೆದು ಸೋಂಕು ನಿವಾರಣೆ ಎಷ್ಟು ಗಟ್ಟಿಯಾಗಿ ಮಾಡಿದ್ದಿರಿ ಅಂತ ನೀವೇ ನೆನಪು ಮಾಡಿಕೊಳ್ಳಿ. ಆ ಸಮಯದಲ್ಲಿ ಸೆನ್ಸರ್‌ಗಳನ್ನು ಹೊರಗೆ ತೆಗೆದಿಡಿ. ಬ್ಲೀಚಿಂಗ್, ಕ್ಲೋರಿನ್ ಡೈಆಕ್ಸೈಡ್, ಫಾರ್ಮಲಿನ್ ಆವಿ ತಾಗಿದರೆ ತೇವಾಂಶ ಓದುವ ಭಾಗ ತಪ್ಪು ಹೇಳಲು ಶುರು ಮಾಡುತ್ತದೆ. ಹಾಗಂತ ಸೆನ್ಸರನ್ನು ಹಾಗೇ ವಾಪಸ್ ತರಬೇಡಿ. ರೋಗ ಅದರ ಮೈಮೇಲೂ ಕೂತಿರುತ್ತದೆ. ಸೋಂಕು ನಿವಾರಕದಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಹೊರಮೈ, ದಾರ ಎಲ್ಲಾ ಒರೆಸಿ, ಗಾಳಿಯ ಕಿಂಡಿಗೆ ತಾಗಿಸದೆ, ಒಣಗಿಸಿ ತನ್ನಿ.

ಇನ್ನೊಂದು ನಂಬಿಕೆ ಎಲ್ಲಾ ಕಡೆ ಇದೆ. ಬೇಗ ಬಿಸಿಯಾಗಲಿ ಅಂತ ಥರ್ಮೋಸ್ಟಾಟನ್ನು 32ಕ್ಕೆ ಏರಿಸುವುದು. ಥರ್ಮೋಸ್ಟಾಟ್ ಒಲೆಯ ಬೆಂಕಿ ಹೆಚ್ಚಿಸುವ ತಿರುಪು ಅಲ್ಲ. ಅದು ಹಚ್ಚುವ, ಆರಿಸುವ ಸ್ವಿಚ್ಚು ಅಷ್ಟೇ. 24 ಇಟ್ಟರೂ 32 ಇಟ್ಟರೂ ಹೀಟರ್ ಕೊಡುವುದು ಅದೇ 2,000 ವ್ಯಾಟ್. ವ್ಯತ್ಯಾಸ ಏನೆಂದರೆ 32 ಇಟ್ಟರೆ ನಿಲ್ಲಿಸಲು ನೀವೇ ಓಡಿ ಬರಬೇಕು.

ಹಾಗಾದರೆ ನಿಮ್ಮ ಹೀಟರ್ ಸಾಕಾ? ಸಾಲದು. ಡಿಸೆಂಬರ್, ಜನವರಿಯಲ್ಲಿ ನಮ್ಮ ಬಯಲಿನಲ್ಲಿ ಬೆಳಗಿನ ಜಾವ 14 ಡಿಗ್ರಿಗೆ ಇಳಿಯುವುದು ಹೊಸದಲ್ಲ. ಒಳಗೆ 24 ಬೇಕು ಅಂದರೆ 10 ಡಿಗ್ರಿ ಅಂತರ. ನಿಮ್ಮ 600 ಚದರಡಿ ಬರಿ ಸಿಮೆಂಟ್ ಶೀಟಿನಿಂದಲೇ ಸುಮಾರು 3,000 ವ್ಯಾಟ್ ಬಿಸಿ ಹೊರಗೆ ಹೋಗುತ್ತದೆ ಅಂತ ನನ್ನ ಅಂದಾಜು. ಗೋಡೆ, ಬಾಗಿಲು ಲೆಕ್ಕ ಬೇರೆ. 2,000 ತುಂಬುತ್ತಾ 3,000 ಸೋರುವ ತೊಟ್ಟಿ ಯಾವಾಗ ತುಂಬುತ್ತದೆ? ಇನ್ನೊಂದು ಹೀಟರ್ ಕೊಳ್ಳಲು ಓಡಬೇಡಿ. ಈಗಲೇ 10 ಗಂಟೆ ಓಡಿದರೆ ರಾತ್ರಿಗೆ 20 ಯೂನಿಟ್ ಆಗುತ್ತದೆ. ಮೊದಲು ಶೀಟಿನ ಕೆಳಗೆ ಒಳಚಾವಣಿ ಮಾಡಿ. ಥರ್ಮಾಕೋಲ್ ಹಲಗೆ ಆಗಬಹುದು, ಆದರೆ ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಹೀಟರ್ ಮತ್ತು ವೈರಿನಿಂದ ದೂರ ಇರಬೇಕು. ಗೋಣಿತಾಟು ಹೊಲಿದು ಕಟ್ಟಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿದರೂ ನಡುವೆ ನಿಂತ ಗಾಳಿಯೇ ಕಂಬಳಿಯಾಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಚಳಿಗೂ ಆಯಿತು, ಏಪ್ರಿಲ್ ಬಿಸಿಲಿಗೂ ಆಯಿತು. ಮೂರನೇ ಹಂತದಲ್ಲಿ ಹುಳು ಚಿಕ್ಕದು, ಕಾಲು ಭಾಗ ಜಾಗ ಸಾಕು. ಆಗ ಟಾರ್ಪಾಲಿನ್ ಪರದೆ ಇಳಿಸಿ ಅಷ್ಟು ಜಾಗ ಮಾತ್ರ ಬಿಸಿ ಮಾಡಿ. ಪೂರ್ತಿ ಮನೆ ಕಾಯಿಸುವುದು ಸುಮ್ನೆ ದಂಡ.

ಅಂಕಿಗಳು: ಮೂರನೇ ಹಂತಕ್ಕೆ 26 ಡಿಗ್ರಿ, ತೇವಾಂಶ ಶೇ. 80. ನಾಲ್ಕನೆಯದಕ್ಕೆ 25, ಶೇ. 75. ಐದನೆಯದಕ್ಕೆ 24, ಶೇ. 70. ಚಂದ್ರಿಕೆಗೆ ಬಿಟ್ಟ ಮೇಲೆ 24-25, ಶೇ. 60-65 ಮತ್ತು ಧಾರಾಳ ಗಾಳಿ. ಹೀಟರ್ ಹಚ್ಚುವ, ಆರಿಸುವ ಅಂಕಿಗಳ ನಡುವೆ 1 ಡಿಗ್ರಿ ಅಂತರ ಬಿಡಿ. 24 ಬೇಕಾದರೆ 23.5ಕ್ಕೆ ಹತ್ತಲಿ, 24.5ಕ್ಕೆ ಆರಲಿ. ಈ ಪೆಟ್ಟಿಗೆಗಳಲ್ಲಿ ವಾರದ ವೇಳಾಪಟ್ಟಿ ಇರುತ್ತದೆ. ಬೆಳಗ್ಗೆ ಆಫೀಸಿಗೆ ಹೋಗಿ ಸಂಜೆ ಬರುವವರ ಮನೆಗೆ ಮಾಡಿದ್ದು ಅದು. ಹುಳುವಿಗೆ ಸೋಮವಾರ, ಭಾನುವಾರ ಇಲ್ಲ. ಅದನ್ನು ಪೂರ್ತಿ ಆರಿಸಿ, ಪ್ರತಿ ಜ್ವರ ಎದ್ದಾಗ ನೀವೇ ಅಂಕಿ ಬದಲಾಯಿಸಿ. ಮಗ ಫೋನಿನಲ್ಲಿ ಬದಲಾಯಿಸುವುದಾದರೆ ನೀವು ಹುಳು ನೋಡಿ ಹೇಳಿದ ಮೇಲೆ ಬದಲಾಯಿಸಲಿ.

ಬಿಸಿಯಾದರೆ ಗಾಳಿ ಒಣಗುತ್ತದೆ, ಇದನ್ನೂ ಮರೆಯಬಾರದು. ಹೊರಗಿನ 15 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ. 90 ಇದ್ದರೂ, ಅದನ್ನೇ 25ಕ್ಕೆ ಕಾಯಿಸಿದರೆ ಶೇ. 48ಕ್ಕೆ ಇಳಿಯುತ್ತದೆ. ಒಂದು ಹನಿ ನೀರೂ ಹೋಗಿಲ್ಲ, ಬಿಸಿ ಗಾಳಿಗೆ ಬಾಯಾರಿಕೆ ಜಾಸ್ತಿ ಅಷ್ಟೇ. ಸೊಪ್ಪು ಬೇಗ ಬಾಡುತ್ತದೆ, ಹುಳು ತಿನ್ನುವುದಿಲ್ಲ. ಅದಕ್ಕೇ ಹ್ಯುಮಿಡಿಫೈಯರ್ ಬೇಕು. ಆದರೆ ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೆ ನೀರಿನ ಜೊತೆ ಉಪ್ಪಿನ ಬಿಳಿ ಪುಡಿಯೂ ಹಾರಿ ಸೊಪ್ಪು, ಸೆನ್ಸರ್ ಎಲ್ಲದರ ಮೇಲೂ ಕೂರುತ್ತದೆ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಒದ್ದೆ ಗೋಣಿಯ ಹಿಂದೆ ಫ್ಯಾನ್ ಇಡುವುದೇ ಮೇಲು. ಇನ್ನೊಂದು ಮುಖ್ಯ ವಿಷಯ: ಹುಳು ಜ್ವರಕ್ಕೆ ಕೂತ ಕೂಡಲೇ ಹ್ಯುಮಿಡಿಫೈಯರ್ ಕೈಯಿಂದಲೇ ಆರಿಸಿ. ಆಗ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸುತ್ತೀರಿ. ಪೆಟ್ಟಿಗೆಗೆ ಜ್ವರ ಗೊತ್ತಿಲ್ಲ. ಒಂದು ಕಡೆ ನೀವು ಒಣಗಿಸುತ್ತಿದ್ದರೆ ಇನ್ನೊಂದು ಕಡೆ ಅದು ನೀರು ಊದುತ್ತಿರುತ್ತದೆ.

ಸೆನ್ಸರ್ ನಿಜ ಹೇಳುತ್ತಿದೆಯಾ ಅಂತ ಬೆಳೆಗೊಮ್ಮೆ ನೋಡಿ. ಮೂರನ್ನೂ ಒಂದೇ ಕಡೆ, ನಿಮ್ಮ ಒಣ-ಹಸಿ ಬಲ್ಬಿನ (ಒಂದು ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ) ಥರ್ಮಾಮೀಟರ್ ಪಕ್ಕ, ಒಂದು ಗಂಟೆ ಇಡಿ. ಒಣ ಬಲ್ಬು 25, ಹಸಿ ಬಲ್ಬು 22 ಇದ್ದರೆ ತೇವಾಂಶ ಸುಮಾರು ಶೇ. 77. ಇನ್ನೂ ಸುಲಭದ್ದು ಅಡುಗೆ ಉಪ್ಪು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಮಾತ್ರ ನೀರು ಬಿಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದ ಹಾಗೆ ಗಾಳಿಯಾಡದ ಡಬ್ಬದಲ್ಲಿ ರಾತ್ರಿ ಪೂರ್ತಿ ಇಡಿ. ಒಳಗೆ ತೇವಾಂಶ ಶೇ. 75ಕ್ಕೆ ನಿಲ್ಲುತ್ತದೆ. ಸೆನ್ಸರ್ 80 ಅಂದರೆ ಅದು 5 ಜಾಸ್ತಿ ಹೇಳುತ್ತಿದೆ ಅಂತ ಮೇಲೆ ಬರೆದು ಅಂಟಿಸಿ. ಒಳಗಿರುವ ಚಿಪ್ಪು ಡಿಎಚ್‌ಟಿ11 ಆಗಿದ್ದರೆ 2 ಡಿಗ್ರಿ ಆಚೀಚೆ ಹೇಳುವುದು ಅದರ ಗುಣ, ಅದನ್ನು ಬದಲಾಯಿಸಿಬಿಡಿ. ಎಸ್‌ಎಚ್‌ಟಿ31 ಅರ್ಧ ಡಿಗ್ರಿಯೊಳಗೆ ಇರುತ್ತದೆ. ಬ್ಯಾಟರಿಯನ್ನು ಮುಗಿಯುವ ತನಕ ಕಾಯದೆ ಚಳಿಗಾಲದ ಪ್ರತಿ ಬೆಳೆಗೂ ಹೊಸದು ಹಾಕಿ.

ಇದ್ದಿಲನ್ನು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಹೀಟರನ್ನು ನಿಮ್ಮ ಮನೆಯ ಇನ್ವರ್ಟರ್ ಎಳೆಯಲಾರದು. ರಾತ್ರಿ ಮೂರು ಗಂಟೆ ಕಾಲ ಕರೆಂಟ್ ಹೋದರೆ ಬೇರೆ ದಾರಿ ಬೇಕಲ್ಲ. ಆಗ ಹೊರಗೆ ಹೊತ್ತಿಸಿ, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ತನ್ನಿ. ಎದುರುಬದುರಿನ ಎರಡು ಕಿಂಡಿ ತೆಗೆದೇ ಇರಲಿ. ಸ್ವಲ್ಪ ಬಿಸಿ ಹೋಗುತ್ತದೆ, ಹೋಗಲಿ. ಕೆಂಡದ ಅನಿಲ ಹುಳುವಿಗೂ ಒಳ್ಳೆಯದಲ್ಲ. ಕೆಂಡ ನೋಡಲು ಒಳಗೆ ಹೋಗಿ, ನೋಡಿ, ಹೊರಗೆ ಬನ್ನಿ. ಆಗ ಪೆಟ್ಟಿಗೆ ಇನ್ವರ್ಟರಿನಲ್ಲಿ ಓಡುತ್ತಿರಲಿ. ಹೀಟರ್ ಇಲ್ಲದಿದ್ದರೂ ಒಳಗೆ ಎಷ್ಟಿದೆ ಅಂತ ನಿಮಗೆ ಹಾಸಿಗೆಯಲ್ಲಿ ಮಲಗಿಯೇ ಗೊತ್ತಾಗುತ್ತದೆ.

ಅತ್ತೆಯವರ ಚಾಪೆ ಇನ್ನು ಹುಳು ಮನೆ ಬಿಟ್ಟು ನೀವು ವಾಸಿಸುವ ಮನೆಯೊಳಗೆ ಬರಲಿ. ಬಝರನ್ನು ಅವರ ತಲೆದಿಂಬಿನ ಹತ್ತಿರ ಇಡಿ, ಅದು ಕೂಗಿದಾಗ ಏನು ಮಾಡಬೇಕು ಅಂತ ಮಗನೇ ಕೂತು ತೋರಿಸಲಿ. ಬೆಳಗಿನ ಜಾವ 5ಕ್ಕೆ ಕೆಳಗಿನ ಅಂತಸ್ತಿನ ಹುಳುವಿನ ಹತ್ತಿರ ಅವರು ಒಂದು ಸಲ ಕೈ ಇಟ್ಟು ನೋಡಲಿ. ಅವರ ಕೈ ಒಂದು ಹೇಳಿ, ಪೆಟ್ಟಿಗೆ ಇನ್ನೊಂದು ಹೇಳಿದರೆ, ಮೊದಲು ಪರೀಕ್ಷೆ ಮಾಡಬೇಕಾದದ್ದು ಸೆನ್ಸರನ್ನು.